ಅಣುವಿನ ಹೈಡ್ರೋಜನ್ ಕಳಚಿ ಅಸ್ಥಿಪಂಜರ ಹುಡುಕಿದ ಸರ್ ಜಾನ್ ಸೈಮನ್‌ಸನ್

ಹರಿಹರದ ಹರಿಹರೇಶ್ವರ ದೇವಾಲಯದಲ್ಲಾಗಲಿ, ದಾವಣಗೆರೆಯ ದುಗ್ಗಮ್ಮನ ಗುಡಿಯಲ್ಲಾಗಲಿ ಮಂಗಳಾರತಿಯ ವೇಳೆ ಉರಿಯುವ ಕರ್ಪೂರದ ಬಹುಪಾಲು ಇಂದು ಕರ್ಪೂರದ ಮರದಿಂದ ಬಂದುದಲ್ಲ. ಅದರ ಮೂಲ ಪೈನ್ ಮರದ ಅಂಟಿನಿಂದ ತೆಗೆದ ಟರ್ಪೆಂಟೈನ್ ಎಣ್ಣೆ. ಆ ಎಣ್ಣೆಯಲ್ಲಿರುವ ಪೈನೀನ್ ಎಂಬ ದ್ರವ್ಯವನ್ನು ಮೊದಲು ಕ್ಯಾಂಫೀನ್ ಆಗಿಯೂ, ಬಳಿಕ ಐಸೋಬೋರ್ನಿಯಾಲ್ ಎಂಬ ಮದ್ಯಸಾರ ಜಾತಿಯ ಸಂಯುಕ್ತವಾಗಿಯೂ ಮಾರ್ಪಡಿಸುತ್ತಾರೆ. ಕಡೆಯ ಹಂತದಲ್ಲಿ ತಾಮ್ರದಂತಹ ವೇಗವರ್ಧಕದ ಮೇಲೆ ಅದನ್ನು ಕಾಯಿಸಿದಾಗ ಪ್ರತಿಯೊಂದು ಅಣುವಿನಿಂದಲೂ ಎರಡು ಹೈಡ್ರೋಜನ್ ಪರಮಾಣುಗಳು ಕಳಚಿಕೊಂಡು ಹೋಗುತ್ತವೆ. ಉಳಿಯುವುದೇ ಕರ್ಪೂರ. ಅಡುಗೆಯ ಎಣ್ಣೆಗೆ ಹೈಡ್ರೋಜನ್ ಸೇರಿಸಿ ವನಸ್ಪತಿ ತಯಾರಿಸುವ ಕ್ರಿಯೆಯನ್ನು ಬಲ್ಲವರು ಅನೇಕರು. ಇದು ಅದಕ್ಕೆ ನೇರ ವಿರುದ್ಧವಾದ ಕ್ರಿಯೆ. ರಸಾಯನಶಾಸ್ತ್ರ ಇದನ್ನು ಡಿಹೈಡ್ರೋಜನೇಶನ್ ಎಂದು ಕರೆಯುತ್ತದೆ.

ಈ ಕ್ರಿಯೆ ಕೇವಲ ಕಾರ್ಖಾನೆಯ ತಂತ್ರವಾಗಿ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗಿಡಮರಗಳ ಸುಗಂಧ ತೈಲಗಳೊಳಗಿನ ಅಣುಗಳ ರಚನೆಯನ್ನು ಅರಿಯಲು ವಿಜ್ಞಾನಿಗಳ ಕೈಗೆ ದೊರೆತ ಅತ್ಯಂತ ಹರಿತವಾದ ಉಪಕರಣವೂ ಇದೇ ಆಗಿತ್ತು. ಆ ಉಪಕರಣದ ಬಲವನ್ನೂ ಅದರ ಮಿತಿಯನ್ನೂ ತಮ್ಮ ಪ್ರಯೋಗಗಳಲ್ಲೇ ಕಂಡವರಲ್ಲಿ ಸರ್ ಜಾನ್ ಲಯೊನೆಲ್ ಸೈಮನ್‌ಸನ್ ಒಬ್ಬರು. ಮದರಾಸು, ಡೆಹ್ರಾಡೂನ್ ಮತ್ತು ಬೆಂಗಳೂರಿನಲ್ಲಿ ಹದಿನೆಂಟು ವರ್ಷ ದುಡಿದ ಈ ರಸಾಯನಶಾಸ್ತ್ರಜ್ಞರನ್ನು ಭಾರತೀಯ ವಿಜ್ಞಾನ ಕಾಂಗ್ರೆಸ್‌ನ ಸ್ಥಾಪಕರಲ್ಲೊಬ್ಬರೆಂದು ಪಠ್ಯಗಳು ಒಂದು ಸಾಲಿನಲ್ಲಿ ನೆನೆಯುತ್ತವೆ. ಅವರ ಪ್ರಯೋಗಶಾಲೆಯ ಕಥೆ ಆ ಒಂದು ಸಾಲಿಗಿಂತ ದೊಡ್ಡದು.

ಮ್ಯಾಂಚೆಸ್ಟರ್‌ನಿಂದ ಮದರಾಸಿಗೆ

ಸೈಮನ್‌ಸನ್ 1884ರ ಜನವರಿ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಲೆವೆನ್‌ಶೂಮ್ ಎಂಬಲ್ಲಿ ಜನಿಸಿದರು. ತಂದೆ ತಾಯಿ ಡೆನ್ಮಾರ್ಕ್ ಮೂಲದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಆ ಮೂಲ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ನಗರವಾಗಿದ್ದಂತೆಯೇ ಬಣ್ಣ, ಚೆಲುವೆ ಪುಡಿ, ಸೋಡಾಗಳ ನಗರವೂ ಆಗಿತ್ತು. ರಸಾಯನಶಾಸ್ತ್ರ ಅಲ್ಲಿ ಅನ್ನದ ವಿದ್ಯೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಿರಿಯ ವಿಲಿಯಂ ಹೆನ್ರಿ ಪರ್ಕಿನ್ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ಗರಡಿಯಲ್ಲಿ ಪಳಗಿದ ಸೈಮನ್‌ಸನ್ ಅಲ್ಲಿಯೇ ಅಧ್ಯಾಪಕರಾದರು. 1909ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. ಮುಂದೆ ನೊಬೆಲ್ ಪುರಸ್ಕಾರಕ್ಕೆ ಭಾಜನರಾದ ರಾಬರ್ಟ್ ರಾಬಿನ್ಸನ್ ಕೂಡ ಇದೇ ಗುರುವಿನ ಶಿಷ್ಯರು. ಈ ಗುರುಬಂಧುತ್ವ ಮೂರು ದಶಕಗಳ ಬಳಿಕ ಫಲ ಕೊಡಲಿತ್ತು.

1910ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಹುದ್ದೆ ಒಪ್ಪಿಕೊಂಡು ಸೈಮನ್‌ಸನ್ ಭಾರತಕ್ಕೆ ಬಂದರು. 1913ರಲ್ಲಿ ಅವರು ವರಿಸಿದ ಜ್ಯಾನೆಟ್ ಡಿಕ್ ಹೆಂಡ್ರಿ ಮದರಾಸಿನ ಕ್ಯಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯೆಯಾಗಿದ್ದರು. ಪುರುಷ ವೈದ್ಯರ ಬಳಿಗೆ ಹೋಗಲಾರದ ಮಹಿಳೆಯರಿಗಾಗಿಯೇ ಸ್ಥಾಪನೆಯಾದ ಆ ಆಸ್ಪತ್ರೆ ಇಂದು ಕಸ್ತೂರ್ಬಾ ಗಾಂಧಿ ಆಸ್ಪತ್ರೆ ಎಂಬ ಹೆಸರಿನಲ್ಲಿದೆ.

ಆಗಿನ ಭಾರತದಲ್ಲಿ ಸಂಶೋಧಕನೊಬ್ಬನ ದೊಡ್ಡ ಕೊರತೆ ಹಣವೂ ಅಲ್ಲ, ಉಪಕರಣವೂ ಅಲ್ಲ, ಒಡನಾಟ. ಮದರಾಸಿನಲ್ಲಿ ಒಬ್ಬ, ಲಖನೌದಲ್ಲಿ ಒಬ್ಬ, ಕಲ್ಕತ್ತೆಯಲ್ಲಿ ಹಲವರು ಎಂಬಂತೆ ಚದುರಿಹೋಗಿದ್ದ ವಿಜ್ಞಾನಿಗಳು ವರ್ಷಗಟ್ಟಲೆ ಪರಸ್ಪರ ಮುಖ ಕಾಣುತ್ತಿರಲಿಲ್ಲ. ಬ್ರಿಟನ್ನಿನ ವಿಜ್ಞಾನ ಸಂಘ ವರ್ಷಕ್ಕೊಂದು ಊರಿನಲ್ಲಿ ಸೇರುವಂತೆ ಇಲ್ಲಿಯೂ ಸೇರಬೇಕೆಂಬ ಆಲೋಚನೆಯನ್ನು ಸೈಮನ್‌ಸನ್ ಹಾಗೂ ಲಖನೌದ ಕ್ಯಾನಿಂಗ್ ಕಾಲೇಜಿನ ಪಿ. ಎಸ್. ಮ್ಯಾಕ್‌ಮಹನ್ ಮುಂದಿಟ್ಟರು. ದೇಶದುದ್ದಕ್ಕೂ ಪತ್ರ ಬರೆದು ಅಭಿಪ್ರಾಯ ಕೇಳಿದರು. 1914ರ ಜನವರಿಯಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಆವರಣದಲ್ಲಿ ಅಶುತೋಷ್ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಮೊದಲ ವಿಜ್ಞಾನ ಕಾಂಗ್ರೆಸ್ ಸೇರಿತು. ನೂರೈದು ಮಂದಿ ಬಂದಿದ್ದರು. ಓದಲ್ಪಟ್ಟ ಪ್ರಬಂಧಗಳು 35. ಮುಂದಿನ ಹನ್ನೆರಡು ವರ್ಷ ಅದರ ಕಾರ್ಯದರ್ಶಿತ್ವದ ಹೊರೆಯನ್ನು ಸೈಮನ್‌ಸನ್ ಹೊತ್ತರು. ಅಧ್ಯಕ್ಷ ಸ್ಥಾನಕ್ಕೆ ಗಣ್ಯರು ಸಿಗುವುದು ಸುಲಭ. ಪತ್ರ ಬರೆಯುವವರು, ಪ್ರಬಂಧ ಕೂಡಿಸುವವರು ಸಿಗುವುದು ಕಷ್ಟ. 1917ರಲ್ಲಿ ಈ ಸಮಾವೇಶ ಬೆಂಗಳೂರಿಗೆ ಬಂದಿತು. 2016ರ ಮೈಸೂರು ಅಧಿವೇಶನ 103ನೆಯದು, 2020ರ ಬೆಂಗಳೂರು ಅಧಿವೇಶನ 107ನೆಯದು.

ಎಣ್ಣೆಗಳ ಕಾಲ

ಮೊದಲ ಮಹಾಯುದ್ಧ ಸೈಮನ್‌ಸನ್‌ರ ಸಂಶೋಧನೆಯ ದಿಕ್ಕನ್ನು ಬದಲಿಸಿತು. ಯುದ್ಧದ ಮೊದಲು ಭಾರತದ ಕಾಡಿನ ಉತ್ಪನ್ನಗಳು ಕಚ್ಚಾ ರೂಪದಲ್ಲೇ ಹಡಗು ಹತ್ತುತ್ತಿದ್ದವು. ಮೈಸೂರಿನ ಶ್ರೀಗಂಧವೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಆ ಮಾರುಕಟ್ಟೆಯನ್ನು ಒಂದೇ ಏಟಿಗೆ ಮುಚ್ಚಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ ಆಲ್ಫ್ರೆಡ್ ಚಾಟರ್ಟನ್‌ರ ಮುತುವರ್ಜಿಯಿಂದ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ನಡೆಸಿದ ಪ್ರಯೋಗಗಳ ಆಧಾರದ ಮೇಲೆ 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದವು. ಇದೇ ವೇಳೆ ಸೈಮನ್‌ಸನ್ ಭಾರತೀಯ ಮ್ಯುನಿಷನ್ಸ್ ಬೋರ್ಡಿನಲ್ಲಿ ತೈಲಗಳ ನಿಯಂತ್ರಕರೂ ರಾಸಾಯನಿಕ ಸಲಹೆಗಾರರೂ ಆಗಿ ದುಡಿಯುತ್ತಿದ್ದರು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು.

ಅಲ್ಲಿ ಅವರ ಕೈಗೆ ಬಂದುದು ಹಿಮಾಲಯದ ಚೀಡ್ ಪೈನ್ ಮರದ ಟರ್ಪೆಂಟೈನ್. ಆಗ ಪೈನಸ್ ಲಾಂಜಿಫೋಲಿಯಾ ಎಂದು ಕರೆಯುತ್ತಿದ್ದ ಈ ಮರಕ್ಕೆ ಈಗಿನ ಹೆಸರು ಪೈನಸ್ ರಾಕ್ಸ್‌ಬರ್ಗಿ. ಅಮೆರಿಕದ ಟರ್ಪೆಂಟೈನ್ ಬಹುಮಟ್ಟಿಗೆ ಪೈನೀನ್ ಆಗಿದ್ದು ಬೇಗ ಆರುತ್ತದೆ. ಭಾರತದ್ದು ಹಾಗಲ್ಲ; ಅದರ ಒಂದು ಪಾಲು ಹೆಚ್ಚಿನ ಶಾಖಕ್ಕಷ್ಟೇ ಆವಿಯಾಗುತ್ತದೆ. ಇದಕ್ಕೆ ಕಾರಣವೇನೆಂದು ಸೈಮನ್‌ಸನ್ ಹುಡುಕಿದರು. ಎಣ್ಣೆಯನ್ನು ಭಾಗಭಾಗವಾಗಿ ಬಟ್ಟಿಯಿಳಿಸಿದಾಗ ಕ್ಯಾರೀನ್ ಎಂಬ ಹೊಸ ಟರ್ಪೀನ್ ದೊರೆಯಿತು. ಅದಕ್ಕೂ ಭಾರವಾದ ಮತ್ತೊಂದು ದ್ರವ್ಯ ಸಿಕ್ಕಿತು. ಮರದ ಹೆಸರಿನಿಂದಲೇ ಅದನ್ನು ಲಾಂಜಿಫೋಲೀನ್ ಎಂದು ಕರೆದರು. 1920ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

ಬೀಗ ಮತ್ತು ಕೀಲಿ

ಇಲ್ಲಿ ವಿಜ್ಞಾನದ ಒಂದು ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಸುಗಂಧ ತೈಲಗಳ ಅಣುಗಳು ಐದು ಇಂಗಾಲದ ಪರಮಾಣುಗಳ ತುಣುಕುಗಳಿಂದ ಕಟ್ಟಲ್ಪಟ್ಟಂತೆ ಕಾಣುತ್ತವೆ. ಎರಡು ತುಣುಕು ಸೇರಿದರೆ ಹತ್ತು ಇಂಗಾಲದ ಟರ್ಪೀನ್. ಮೂರು ಸೇರಿದರೆ ಹದಿನೈದು ಇಂಗಾಲದ ಸೆಸ್ಕ್ವಿಟರ್ಪೀನ್. ಐಸೋಪ್ರೀನ್ ನಿಯಮವೆಂದು ಪದವಿ ತರಗತಿಗಳಲ್ಲಿ ಇದನ್ನು ಇಂದಿಗೂ ಬೋಧಿಸುತ್ತಾರೆ. ಆದರೆ ತುಣುಕುಗಳು ಹೇಗೆ ಜೋಡಣೆಯಾಗಿವೆ, ಎಲ್ಲಿ ಉಂಗುರ ಕಟ್ಟಿವೆ ಎಂದು ತಿಳಿಯುವುದು ಹೇಗೆ? ಅಣುವನ್ನು ನೇರವಾಗಿ ನೋಡುವ ಯಂತ್ರಗಳು ಆಗ ಇರಲಿಲ್ಲ.

ಉಪಾಯ ಹೈಡ್ರೋಜನ್ ಕಳೆಯುವುದರಲ್ಲಿತ್ತು. 1903ರಲ್ಲಿ ಸ್ವೀಡನ್ನಿನ ವೆಸ್ಟರ್‌ಬರ್ಗ್, ಪೈನ್ ರಾಳದ ಆಮ್ಲವನ್ನು ಗಂಧಕದೊಡನೆ ಕಾಯಿಸಿ ಅದರ ಹೈಡ್ರೋಜನ್ ಕಳಚಿದ್ದರು. ಇಪ್ಪತ್ತರ ದಶಕದ ಆರಂಭದಲ್ಲಿ ಜ್ಯೂರಿಕ್‌ನ ಲಿಯೊಪೋಲ್ಡ್ ರುಜಿಕ್ಕಾ ಅದೇ ವಿಧಾನವನ್ನು ಸೆಸ್ಕ್ವಿಟರ್ಪೀನ್‌ಗಳಿಗೆ ಅನ್ವಯಿಸಿದರು. ಇನ್ನೂರು ಡಿಗ್ರಿಗೂ ಮೀರಿದ ಶಾಖದಲ್ಲಿ ಗಂಧಕವು ಅಣುವಿನ ಹೈಡ್ರೋಜನ್ನನ್ನು ಸೆಳೆದುಕೊಂಡು ಕೊಳೆತ ಮೊಟ್ಟೆಯ ನಾತದ ಅನಿಲವಾಗಿ ಹೊರಬೀಳುತ್ತದೆ. ಹದಿನೈದು ಇಂಗಾಲ, ಇಪ್ಪತ್ತನಾಲ್ಕು ಹೈಡ್ರೋಜನ್ ಇದ್ದ ಕ್ಯಾಡಿನೀನ್ ಹೀಗೆ ಆರು ಹೈಡ್ರೋಜನ್ ಕಳೆದುಕೊಂಡು ಕ್ಯಾಡಲೀನ್ ಆಗುತ್ತದೆ. ಕ್ಯಾಡಲೀನ್ ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ನುಸಿಗುಳಿಗೆಯ ನ್ಯಾಫ್ತಲೀನ್‌ನ ಬಂಧು. ಚಪ್ಪಟೆ, ಗಟ್ಟಿ, ಗುರುತಿಸಲು ಸುಲಭ. ಮಾಂಸಲವಾದ ಅಣುವನ್ನು ಸುಟ್ಟು ಎಲುಬಿನ ಗೂಡನ್ನು ಉಳಿಸಿಕೊಂಡಂತೆ. ಆ ಗೂಡು ಯಾವುದೆಂದು ತಿಳಿದರೆ ಮೂಲದ ಅಣುವಿನ ಆಕಾರ ಬಹುಮಟ್ಟಿಗೆ ತಿಳಿದಂತೆ. 1927ರಲ್ಲಿ ಜರ್ಮನಿಯ ಓಟ್ಟೊ ಡೀಲ್ಸ್ ಗಂಧಕದ ಬದಲು ಸೆಲೆನಿಯಂ ಬಳಸಿ ಈ ವಿಧಾನವನ್ನು ಇನ್ನಷ್ಟು ಶುದ್ಧಗೊಳಿಸಿದರು.

ಎಲ್ಲ ಬೀಗಗಳಿಗೂ ಒಂದೇ ಕೀಲಿ ಒಗ್ಗುವುದಿಲ್ಲ. ಸೈಮನ್‌ಸನ್‌ರ ಲಾಂಜಿಫೋಲೀನ್ ನ್ಯಾಫ್ತಲೀನ್ ಗೂಡಿನ ಅಣುವೇ ಆಗಿರಲಿಲ್ಲ. ಪಂಜರದಂತೆ ಹೆಣೆದುಕೊಂಡ ಅದರ ರಚನೆ ಕ್ಷ-ಕಿರಣ ವಿಧಾನದಿಂದ ಬಯಲಾದುದು 1953ರಲ್ಲಿ, ಅಂದರೆ ದ್ರವ್ಯ ದೊರೆತ ಮೂವತ್ತಮೂರು ವರ್ಷಗಳ ನಂತರ. ಅದೇ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಖ್ ದೇವ್ ಲಾಂಜಿಫೋಲೀನನ್ನು ಕೈಗೆತ್ತಿಕೊಂಡು ಅದರ ರಸಾಯನವನ್ನು ಬೆಳೆಸಿದರು.

ಬೆಂಗಳೂರಿನ ಮೂರು ವರ್ಷ

1925ರಲ್ಲಿ ಸೈಮನ್‌ಸನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಗಂಧದೆಣ್ಣೆಯ ಪ್ರಯೋಗಗಳ ಸಡ್‌ಬರೊ ಅವರ ಸ್ಥಾನವದು. ಆಗ ನಿರ್ದೇಶಕರಾಗಿದ್ದ ಮಾರ್ಟಿನ್ ಫಾರ್ಸ್ಟರ್ ಸ್ವತಃ ಕರ್ಪೂರದ ರಸಾಯನದಲ್ಲಿ ಹೆಸರು ಮಾಡಿದವರು; ನಿವೃತ್ತಿಯ ಬಳಿಕ ಮೈಸೂರಿನಲ್ಲೇ ನೆಲೆಸಿ 1945ರಲ್ಲಿ ಅಲ್ಲಿಯೇ ನಿಧನರಾದರು. ಭಾರತದ ಹುಲ್ಲು, ಎಲೆ, ಬೇರುಗಳ ಎಣ್ಣೆಗಳ ಪರೀಕ್ಷೆ ಸಂಸ್ಥೆಯಲ್ಲಿ ಮೊದಲೇ ನಡೆದಿತ್ತು. ಸೈಮನ್‌ಸನ್ ಅದಕ್ಕೆ ಗಟ್ಟಿಯಾದ ರಚನಾಶೋಧನೆಯ ದಾರಿ ಹಾಕಿದರು. ಮೂರು ವರ್ಷ ಅಲ್ಪಕಾಲವೇ ಸರಿ. 1928ರಲ್ಲಿ ಕಲ್ಕತ್ತೆಯ ವಿಜ್ಞಾನ ಕಾಂಗ್ರೆಸ್‌ನ ಅಧ್ಯಕ್ಷತೆ ವಹಿಸಿ, ಅದೇ ವರ್ಷ ಅವರು ಭಾರತ ಬಿಟ್ಟರು. ಅವರ ನಂತರ ಆ ವಿಭಾಗವನ್ನು ಪಿ. ಸಿ. ಗುಹಾ ನಡೆಸಿದರು.

1930ರಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯ ಕಾಲೇಜಿನ ಪ್ರಾಧ್ಯಾಪಕರಾದರು. 1932ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ದೇಶ ಬಿಟ್ಟರೂ ಭಾರತದ ಗಿಡಗಳು ಅವರ ಬೋಗುಣಿಯಿಂದ ಮರೆಯಾಗಲಿಲ್ಲ. ಇದಕ್ಕೆ ಉತ್ತಮ ಉದಾಹರಣೆ ನಮ್ಮ ರೈತರಿಗೆಲ್ಲ ಗೊತ್ತಿರುವ ಜೇಕು.

ದಾವಣಗೆರೆ, ಹರಿಹರ ಸೀಮೆಯ ಹೊಲ, ತೋಟ, ಕಾಲುವೆಯ ಬದುಗಳಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರುವ ಕಳೆ ಇದು. ತುಂಗೆ ಹುಲ್ಲು, ಕೊನ್ನಾರಿ, ಭದ್ರಮುಷ್ಟಿ ಎಂಬ ಹೆಸರುಗಳೂ ಇದಕ್ಕಿವೆ. ತುಂಗೆಯೂ ಭದ್ರೆಯೂ ಕೂಡಿ ಹರಿಯುವ ನಾಡಿನಲ್ಲಿ ಈ ಎರಡು ಹೆಸರುಗಳು ಒಂದೇ ಕಳೆಗೆ ಸಲ್ಲುವುದು ಸ್ವಾರಸ್ಯಕರ. ನೆಲದೊಳಗಿನ ಅದರ ಸಣ್ಣ ಗಡ್ಡೆಯನ್ನು ಜಜ್ಜಿದರೆ ಸುವಾಸನೆ ಬರುತ್ತದೆ. ಆಯುರ್ವೇದದವರು ಅದನ್ನು ಮುಸ್ತಾ ಎಂದು ಕರೆದು ಔಷಧಗಳಲ್ಲಿ ಬಳಸುತ್ತಾರೆ. ಈ ಗಡ್ಡೆಯ ಎಣ್ಣೆಯಿಂದ ಪಡೆದ ಸೈಪರೋನ್ ಎಂಬ ಕೀಟೋನಿನ ರಚನೆಯ ಕುರಿತು 1936ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧವೊಂದು ಪ್ರಕಟವಾಯಿತು. ಸೈಮನ್‌ಸನ್, ಬ್ರ್ಯಾಡ್‌ಫೀಲ್ಡ್, ಗಿಲ್ಲಮ್ ಅವರೊಡನೆ ಹೆಗ್ಡೆ ಮತ್ತು ರಾವ್ ಎಂಬ ಎರಡು ಹೆಸರುಗಳು ಅದರ ಲೇಖಕರ ಸಾಲಿನಲ್ಲಿವೆ. ಸೈಪರೋನ್ ಹೈಡ್ರೋಜನ್ ಕಳೆದಾಗ ಯೂಡಲೀನ್ ಗೂಡು ಕೊಡುವ ಕುಟುಂಬಕ್ಕೆ ಸೇರಿದ ಅಣು. ಮರುವರ್ಷವೇ, ಅಂದರೆ 1937ರಲ್ಲಿ, ರಾಬಿನ್ಸನ್ ಮತ್ತು ಸೈಮನ್‌ಸನ್ ತಮ್ಮ ಸಹೋದ್ಯೋಗಿಗಳೊಡನೆ ಅದನ್ನು ಪ್ರಯೋಗಶಾಲೆಯಲ್ಲೇ ಕಟ್ಟಿ ತೋರಿಸಿದರು. ಕಳೆಯ ಗಡ್ಡೆಯೊಳಗಿನ ಅಣು ಹೀಗೆ ಸಂಶ್ಲೇಷಣೆಯ ಚರಿತ್ರೆಯನ್ನು ಸೇರಿತು.

ಕಳೆದುಹೋದ ಒಂದು ಇಂಗಾಲ

ಅವರ ಜೀವನದ ಅತ್ಯಂತ ಕುತೂಹಲಕರ ಅಧ್ಯಾಯಕ್ಕೆ ಕಾರಣವಾದುದು ಆಸ್ಟ್ರೇಲಿಯಾದ ಒಂದು ಮರ. ಎರೆಮೊಫಿಲಾ ಮಿಚೆಲ್ಲಿ ಎಂಬ ಈ ಮರವನ್ನು ಅಲ್ಲಿಯವರು ಹುಸಿ ಶ್ರೀಗಂಧವೆಂದು ಕರೆಯುತ್ತಾರೆ. ಸಿಡ್ನಿಯ ಆರ್ಥರ್ ಪೆನ್‌ಫೋಲ್ಡ್ ಅದರ ಎಣ್ಣೆಯನ್ನು ಒದಗಿಸಿದರು. ಅದರಲ್ಲಿದ್ದ ಎರೆಮೊಫಿಲೋನ್ ಎಂಬ ದ್ರವ್ಯದ ಕುರಿತು 1932ರಲ್ಲಿ ಸೈಮನ್‌ಸನ್ ಮತ್ತು ಸಂಗಡಿಗರು ಪ್ರಬಂಧ ಪ್ರಕಟಿಸಿದರು. ಹೈಡ್ರೋಜನ್ ಕಳೆದಾಗ ದೊರೆತುದು ಪರಿಚಿತವಾದ ಯೂಡಲೀನ್ ಗೂಡೇ. ಸಮಸ್ಯೆ ಮುಗಿಯಿತೆಂದು ಯಾರಿಗಾದರೂ ಅನ್ನಿಸಬಹುದಾಗಿತ್ತು.

ಮುಗಿದಿರಲಿಲ್ಲ. ಯೂಡಲೀನ್‌ನಲ್ಲಿರುವುದು ಹದಿನಾಲ್ಕೇ ಇಂಗಾಲ. ಮೂಲದ ಅಣುವಿನಲ್ಲಿ ಹದಿನೈದು. ಎರಡು ಉಂಗುರಗಳು ಸೇರುವ ಮೂಲೆಯಲ್ಲಿ ಕುಳಿತ ಒಂದು ಮೀಥೈಲ್ ಗುಂಪು ಹೈಡ್ರೋಜನ್ ಕಳಚುವ ಬಿರುಸಿನಲ್ಲಿ ಉದುರಿಹೋಗುತ್ತದೆ. ಆ ಮೂಲೆಗಳು ಎರಡು. ಮೀಥೈಲ್ ಯಾವ ಮೂಲೆಯಲ್ಲಿದ್ದರೂ ಉಳಿಯುವ ಗೂಡು ಒಂದೇ. ಪ್ರಶ್ನೆಗೆ ಉತ್ತರ ಕೊಡಬೇಕಾದ ಪ್ರಯೋಗವೇ ಉತ್ತರದ ಸಾಕ್ಷಿಯನ್ನು ನಾಶ ಮಾಡುತ್ತಿತ್ತು. ಇಂತಹ ಎಡೆಯಲ್ಲಿ ರಸಾಯನಶಾಸ್ತ್ರಜ್ಞರು ಐಸೋಪ್ರೀನ್ ನಿಯಮವನ್ನು ನಂಬಿ, ನಿಯಮ ಹೇಳಿದ ಮೂಲೆಯಲ್ಲಿ ಮೀಥೈಲನ್ನು ಇರಿಸುತ್ತಿದ್ದರು. ಆವರೆಗೆ ನಿಯಮ ತಪ್ಪಿದ್ದಿಲ್ಲ. ಎರೆಮೊಫಿಲೋನ್ ವಿಷಯದಲ್ಲಿ ಮಾತ್ರ ನಿಯಮಕ್ಕೆ ಒಗ್ಗುವ ಚಿತ್ರಗಳು ಉಳಿದ ಪ್ರಯೋಗಗಳಿಗೆ ಒಗ್ಗಲಿಲ್ಲ.

ಹಲವು ವರ್ಷಗಳ ಈ ತೊಡಕನ್ನು ಬಿಡಿಸಿದ್ದು ಹಳೆಯ ಗುರುಬಂಧು ರಾಬಿನ್ಸನ್‌ರ ಸಲಹೆ. ಗಿಡ ಅಣುವನ್ನು ನಿಯಮದಂತೆಯೇ ಕಟ್ಟಿ, ಬಳಿಕ ಮೀಥೈಲ್ ಒಂದು ಮೂಲೆಯಿಂದ ಪಕ್ಕದ ಮೂಲೆಗೆ ಜಿಗಿದಿರಬೇಕೆಂದು ಅವರು ಊಹಿಸಿದರು. 1939ರಲ್ಲಿ ಪೆನ್‌ಫೋಲ್ಡ್ ಮತ್ತು ಸೈಮನ್‌ಸನ್ ಆ ಊಹೆಯನ್ನು ಒಪ್ಪಿ, ಅದು ಯಾರದೆಂಬುದನ್ನೂ ತಿಳಿಸಿ ಪ್ರಕಟಿಸಿದರು. ಐಸೋಪ್ರೀನ್ ನಿಯಮಕ್ಕೆ ಹೊರತಾದ ಮೊದಲ ಸೆಸ್ಕ್ವಿಟರ್ಪೀನ್ ಎಂದು ಎರೆಮೊಫಿಲೋನ್ ಪ್ರಸಿದ್ಧವಾಯಿತು. ಅಣುಗಳು ಗಿಡದೊಳಗೆ ಹೇಗೆ ರೂಪುಗೊಳ್ಳುತ್ತವೆ ಎಂಬ ಚಿಂತನೆ ಮುಂದೆ ಬೆಳೆಯಲು ಈ ಅಪವಾದ ನೆರವಾಯಿತು. ನಿಯಮವನ್ನು ಉಳಿಸಲು ಪ್ರಯೋಗವನ್ನು ಬಾಗಿಸದ ಸೈಮನ್‌ಸನ್‌ರ ಪ್ರಾಮಾಣಿಕತೆ ಇಲ್ಲಿ ಮೆಚ್ಚಬೇಕಾದುದು. ಅದೇ ವರ್ಷ, 1939ರಲ್ಲಿ, ರುಜಿಕ್ಕಾ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈಮನ್‌ಸನ್ ಬ್ಯಾಂಗರ್ ಬಿಟ್ಟು, ಬ್ರಿಟಿಷ್ ವಸಾಹತುಗಳ ಉತ್ಪನ್ನಗಳ ಸಂಶೋಧನಾ ಮಂಡಲಿಯ ನಿರ್ದೇಶಕರಾದರು. ಸಕ್ಕರೆ, ಎಣ್ಣೆಬೀಜ, ಕಾಡಿನ ಉತ್ಪನ್ನಗಳಿಂದ ಹೊಸ ವಸ್ತುಗಳನ್ನು ಪಡೆಯುವುದು ಆ ಮಂಡಲಿಯ ಕೆಲಸ. 1949ರಲ್ಲಿ ಸರ್ ಪದವಿ, 1950ರಲ್ಲಿ ರಾಯಲ್ ಸೊಸೈಟಿಯ ಡೇವಿ ಪದಕ ಅವರಿಗೆ ಸಂದವು.

ಅವರ ದೊಡ್ಡ ಕೃತಿ ದಿ ಟರ್ಪೀನ್ಸ್. 1931 ಮತ್ತು 1932ರಲ್ಲಿ ಎರಡು ಸಂಪುಟಗಳಾಗಿ ಬಂದ ಈ ಗ್ರಂಥ ಆ ವಿಷಯದಲ್ಲಿ ದುಡಿಯುವವರ ಕೈಪಿಡಿಯಾಯಿತು. ಎರಡನೆಯ ಆವೃತ್ತಿಯ ವೇಳೆಗೆ ವಿಷಯ ಎಷ್ಟು ಬೆಳೆದಿತ್ತೆಂದರೆ ಎರಡು ಸಂಪುಟ ಐದಾಗಬೇಕಾಯಿತು. ಓವೆನ್, ಬಾರ್ಟನ್, ರಾಸ್ ಎಂಬ ಕಿರಿಯರು ಜೊತೆಗೂಡಿದರು. ಸೆಸ್ಕ್ವಿಟರ್ಪೀನ್‌ಗಳ ಸಂಪುಟದಲ್ಲಿ ಅವರೊಡನೆ ದುಡಿದ ಡೆರೆಕ್ ಬಾರ್ಟನ್ 1969ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. 1947ರಲ್ಲಿ ಆರಂಭವಾದ ಈ ಆವೃತ್ತಿಯ ಕೊನೆಯ ಭಾಗ ಹೊರಬಂದುದು 1957ರಲ್ಲಿ. ಆ ವರ್ಷದ ಫೆಬ್ರವರಿ 20ರಂದು, 73ನೆಯ ವಯಸ್ಸಿನಲ್ಲಿ, ಸರ್ ಜಾನ್ ಸೈಮನ್‌ಸನ್ ನಿಧನರಾದರು.